ಭಾವನ ಹೊಂಡದ ಸೊಟ್ಟ ಮುತ್ತು: 94 ಮುತ್ತು ಯಾಕೆ ದುಂಡಗಾಗ್ಲಿಲ್ಲ

ಹೋದ ವರ್ಷ ಜುಲೈನಲ್ಲಿ ಅಕ್ಕ ಫೋನ್ ಮಾಡಿ "ನಿಮ್ಮ ಭಾವ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣೇ, ಒಂದ್ಸಲ ಬಂದು ಮಾತಾಡ್ಸು" ಅಂದ್ಲು. ತುಮಕೂರಿಂದ ಹೊರಟು ಗುಬ್ಬಿ ದಾಟಿ ಅವರೂರು ಸೇರೋಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಭಾವ ಜಗಲಿ ಮೇಲೆ ಕೂತಿದ್ರು, ಮುಂದೆ ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಮುತ್ತು. ಆದ್ರೆ ನಾವು ಅಂಗಡೀಲಿ ನೋಡೋ ಮುತ್ತಲ್ಲ. ಒಂದಕ್ಕೆ ಬಾಲ, ಒಂದಕ್ಕೆ ಗಂಟು, ಒಂದು ಅಕ್ಕಿಕಾಳಿನ ತರ, ಇನ್ನೊಂದು ಅವರೆಕಾಳನ್ನ ಬೆರಳಲ್ಲಿ ಅದುಮಿದ ತರ. "ನೋಡಮ್ಮ, ನೀನು ಓದಿರೋಳು, ಇದು ಮುತ್ತಾ ಕಲ್ಲಾ ನೀನೇ ಹೇಳು" ಅಂದ್ರು.

ನಾನು ಪಿಯು ಕಾಲೇಜಲ್ಲಿ ಬಯಾಲಜಿ ಹೇಳ್ಕೊಡ್ತೀನಿ. ಮುತ್ತಿನ ವ್ಯಾಪಾರ ನಂಗೆ ಗೊತ್ತಿಲ್ಲ, ಆದ್ರೆ ಮೃದ್ವಂಗಿಗಳ ಪಾಠ ಹನ್ನೆರಡು ವರ್ಷ ಮಾಡಿದೀನಿ. ಆ ತಟ್ಟೆ ಮುಂದೆ ಕೂತಾಗ ಅನ್ಸಿದ್ದು, ಪುಸ್ತಕದಲ್ಲಿ ಎರಡು ಸಾಲಲ್ಲಿ ಮುಗಿಸಿಬಿಡೋ ವಿಷಯ ಇಲ್ಲಿ ಒಂದೊಂದು ಆಕಾರದಲ್ಲಿ ಬಿದ್ದಿದೆ ಅಂತ. ಆವತ್ತಿಂದ ಸುಮಾರು ಮೂರು ತಿಂಗಳು ಭಾನುವಾರ ಭಾನುವಾರ ಅಲ್ಲೇ ಕೂತು ಇದನ್ನ ಬಿಡಿಸಿ ನೋಡಿದ್ವಿ. ಮುತ್ತು ಸಾಕೋಕೆ ಹೊರಟಿರೋರು ಈಗ ನಮ್ಮ ಕಡೆ ಬೇಕಾದಷ್ಟು ಜನ ಇದಾರೆ, ಕೃಷಿ ಹೊಂಡ ಇದ್ರೆ ಸಾಕು ಲಕ್ಷ ಲಕ್ಷ ಅನ್ನೋ ವಿಡಿಯೋ ನೋಡಿ ದುಡ್ಡು ಹಾಕ್ತಿದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ ಪೂರ್ತಿ ಬರೀತಿದೀನಿ.

ಆಗಿದ್ದೇನು

ಭಾವಂದು ತೆಂಗು ಅಡಿಕೆ ತೋಟ. ಹೇಮಾವತಿ ನಾಲೆ ನೀರು ಬಂದಾಗ ಊರ ಕೆರೆ ತುಂಬತ್ತೆ, ಬರ್ದೇ ಇದ್ದಾಗ ಬೋರ್‌ವೆಲ್ಲೇ ಗತಿ. ತೋಟದ ಮೂಲೇಲಿ 21 ಮೀಟರ್ ಉದ್ದ ಅಗಲದ, 3 ಮೀಟರ್ ಆಳದ ಕೃಷಿ ಹೊಂಡ ಇದೆ, ತಳಕ್ಕೆ ಪ್ಲಾಸ್ಟಿಕ್ ಶೀಟ್ ಹಾಕ್ಸಿದಾರೆ. ಅದ್ರಲ್ಲಿ ಮುತ್ತು ಬೆಳೀಬಹುದು ಅಂತ ಒಂದು ಟ್ರೈನಿಂಗ್ ಪಾರ್ಟಿ ಹೇಳ್ತು, ಅವರೇ ಕಪ್ಪೆಚಿಪ್ಪು ತಂದು, ಅವರೇ ಆಪರೇಷನ್ ಮಾಡಿಕೊಟ್ಟು, ಬೆಳೆದ ಮೇಲೆ ಅವರೇ ವಾಪಸ್ ಕೊಂಡ್ಕೋತೀವಿ ಅಂತ ಮಾತು. ಅದರ ಹಿಂದಿನ ವರ್ಷದ ಏಪ್ರಿಲ್‌ನಲ್ಲಿ 500 ಚಿಪ್ಪು ಬಂತು. 200ಕ್ಕೆ ಡಿಸೈನ್ ಅಚ್ಚು, ಅಂದ್ರೆ ಗಣಪತಿ, ಹೂವು, ಆ ತರದ ಚಪ್ಪಟೆ ಅಚ್ಚು ಚಿಪ್ಪಿಗೂ ಅದರ ಒಳಗಡೆ ಇರೋ ಮ್ಯಾಂಟಲ್ ಅನ್ನೋ ಪೊರೆಗೂ ನಡುವೆ ಇಡೋದು. ಉಳಿದ 300ಕ್ಕೆ ದುಂಡು ಮುತ್ತು ಬರ್ಲಿ ಅಂತ ಒಳಗೆ ಗೊನಾಡ್, ಅಂದ್ರೆ ಸಂತಾನದ ಅಂಗದ ಭಾಗದಲ್ಲಿ ಒಂದು ಮಣಿ, ಅದರ ಜೊತೆ ಇನ್ನೊಂದು ಚಿಪ್ಪಿನ ಮ್ಯಾಂಟಲ್ಲಿಂದ ಕುಯ್ದ ಟಿಶ್ಯೂ ತುಂಡು. ಇಬ್ಬರು ಹುಡುಗರು ಒಂದೂವರೆ ದಿನದಲ್ಲಿ ಐನೂರೂ ಮುಗಿಸಿ ಹೋದ್ರು.

ನೈಲಾನ್ ಬಲೆ ಚೀಲದಲ್ಲಿ ಎರಡೆರಡು ಚಿಪ್ಪು ಹಾಕಿ, ಪಿವಿಸಿ ಪೈಪಿಗೆ ಕಟ್ಟಿ, ನೀರಲ್ಲಿ ಒಂದು ಮೀಟರ್ ಕೆಳಗೆ ಇಳಿಬಿಟ್ರು. 15 ತಿಂಗಳು ಭಾವ ಅದನ್ನ ಮಗು ತರ ನೋಡ್ಕೊಂಡ್ರು, ಹಸಿರು ಪಾಚಿ ಬರ್ಲಿ ಅಂತ ಸಗಣಿ ನೀರು, ಆಗಾಗ ಸ್ವಲ್ಪ ಸುಣ್ಣ, ಸತ್ತಿದ್ದನ್ನ ಎತ್ತಿ ಹಾಕೋದು, ಚೀಲ ಉಜ್ಜೋದು, ಇದ್ಯಾವುದನ್ನೂ ಒಂದು ವಾರಾನೂ ತಪ್ಪಿಸ್ಲಿಲ್ಲ. ಕೊನೇಲಿ ಬದುಕಿದ್ದು 312. ದುಂಡು ಮುತ್ತಿಗೆ ಅಂತ ಇಟ್ಟಿದ್ದ 300ರಲ್ಲಿ 181. ಅವನ್ನ ಬಿಚ್ಚಿದಾಗ 64ರಲ್ಲಿ ಏನೂ ಇಲ್ಲ. 23ರಲ್ಲಿ ಹೆಚ್ಚು ಕಡಿಮೆ ದುಂಡು. ಉಳಿದ 94 ಆ ತಟ್ಟೆಯಲ್ಲಿದ್ದವು.

ಕೊಂಡ್ಕೋತೀವಿ ಅಂದೋರು ಬಂದು ನೋಡಿ, ಆ 23ಕ್ಕೆ ಒಂದು ರೇಟ್ ಹೇಳಿ, ಉಳಿದಿದ್ದನ್ನ ಕೈಯಲ್ಲೇ ಪಕ್ಕಕ್ಕೆ ತಳ್ಳಿ "ಇದೆಲ್ಲ ವೇಸ್ಟ್ ಅಣ್ಣ, ನಿಮ್ಮ ನೀರು ಸರಿ ಇಲ್ಲ" ಅಂದ್ರಂತೆ. ಭಾವನಿಗೆ ದುಡ್ಡು ಹೋಗಿದ್ದಕ್ಕಿಂತ ಈ ಮಾತು ಜಾಸ್ತಿ ಚುಚ್ಚಿತ್ತು. ನೀರು ಸರಿ ಇಲ್ಲ ಅಂದ್ರೆ ಅದೇ ನೀರು ತಾನೆ ತೋಟಕ್ಕೂ ಹೋಗೋದು, ಮನೆ ದನಾನೂ ಕುಡಿಯೋದು.

ಮೊದಲ ಪ್ರಶ್ನೆ, ಇದು ಮುತ್ತೇನಾ

ಇದು ಬೇಗ ಮುಗೀತು. ಒಂದು ಚೂರಾಗಿದ್ದ ತುಣುಕಿನ ಮೇಲೆ ವಿನೆಗರ್ ಹಾಕಿದೆ, ಸಣ್ಣ ಸಣ್ಣ ಗುಳ್ಳೆ ಎದ್ದವು, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಇನ್ನೊಂದನ್ನ ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಿದ್ರೆ ನುಣ್ಣಗೆ ಜಾರ್ಲಿಲ್ಲ, ಸಣ್ಣ ಮರಳು ಮರಳು ಅನ್ಸ್ತು. ಗಾಜು ಪ್ಲಾಸ್ಟಿಕ್ ಹಾಗೆ ಆಗಲ್ಲ. ಅಕ್ಕನ ಕೈಗೂ ಕೊಟ್ಟು ಉಜ್ಜಿಸಿದೆ, ಅವಳ ಹಳೇ ಪ್ಲಾಸ್ಟಿಕ್ ಮುತ್ತಿನ ಸರಾನೂ ಪಕ್ಕದಲ್ಲಿಟ್ಟು. ವ್ಯತ್ಯಾಸ ಅವಳಿಗೇ ಗೊತ್ತಾಯ್ತು. "ರೀ, ಇದು ಮುತ್ತೇ ಕಣ್ರೀ" ಅಂತ ಒಳಗಿಂದ ಕೂಗಿದ್ಲು.

ಮುತ್ತು ಅಂದ್ರೆ ಏನು ಅಂತ ಭಾವನಿಗೆ ಹೇಳೋಕೆ ನಾನು ಹಿಡಿದಿದ್ದು ನಾವು ಚಿಕ್ಕವರಿದ್ದಾಗ ಮಾಡ್ತಿದ್ದ ಒಂದು ಕೆಲಸಾನ. ಕೆರೆ ಕಪ್ಪೆಚಿಪ್ಪನ್ನ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ನಡುವೆ ತೂತು ಮಾಡಿ ಅದ್ರಲ್ಲಿ ಮಾವಿನಕಾಯಿ ಸಿಪ್ಪೆ ತೆಗೀತಿದ್ವಲ್ಲ, ಅದು. ಉಜ್ಜುವಾಗ ಮೊದಲು ಹೋಗೋದು ಮೇಲಿನ ಹಸಿರು ಕಂದು ಸಿಪ್ಪೆ, ಆಮೇಲೆ ಸೀಮೆಸುಣ್ಣದ ತರ ಮಂಕು ಬಿಳಿ, ಕೊನೇಲಿ ಒಳಗಡೆ ಹೊಳೆಯೋ ಪದರ. ಆ ಹೊಳೆಯೋ ಪದರಾನೇ ನೇಕರ್, ಮುತ್ತಿನ ಮೈಯೂ ಅದೇ. ಅರ್ಗೊನೈಟ್ ಅನ್ನೋ ಸುಣ್ಣದ ಹರಳಿನ ಪುಟ್ಟ ಪುಟ್ಟ ಬಿಲ್ಲೆಗಳು, ಒಂದೊಂದು ಬಿಲ್ಲೆ ಸುಮಾರು ಅರ್ಧ ಮೈಕ್ರಾನ್ ದಪ್ಪ, ಗೋಡೆ ಇಟ್ಟಿಗೆ ತರ ಸಾಲು ಸಾಲು ಕೂತಿರತ್ತೆ, ನಡುವೆ ಗಾರೆ ತರ ಕಾಂಕಿಯೋಲಿನ್ ಅನ್ನೋ ಪ್ರೋಟೀನ್. 1 ಮಿಮೀ ದಪ್ಪ ಆಗ್ಬೇಕು ಅಂದ್ರೆ ಅಂಥ ಎರಡು ಸಾವಿರ ಸಾಲು ಬೇಕು. ಬೆಳಕು ಆ ಪದರಗಳ ನಡುವೆ ಹೋಗಿ ಬಂದು ಒಂದಕ್ಕೊಂದು ಸೇರ್ಕೊಳ್ಳೋದ್ರಿಂದ ಆ ಕಾಮನಬಿಲ್ಲಿನ ಬಣ್ಣ.

ಈ ಪದರ ಸುರಿಸೋದು ಮ್ಯಾಂಟಲ್ ಅನ್ನೋ ತೆಳು ಪೊರೆಯ ಹೊರಮೈ ಜೀವಕೋಶಗಳು. ಅವು ಚಿಪ್ಪಿನ ಪಕ್ಕ ಇರೋ ತನಕ ಚಿಪ್ಪು ಕಟ್ತಾ ಇರ್ತವೆ. ಗಾಯ ಆಗಿಯೋ, ಯಾವುದೋ ಹುಳ ಕೊರೆದೋ ಆ ಕೋಶಗಳಲ್ಲಿ ಒಂದಿಷ್ಟು ಜಾಗ ತಪ್ಪಿ ಒಳಗಿನ ಮಾಂಸಕ್ಕೆ ಸೇರ್ಕೊಂಡ್ರೆ, ಅಲ್ಲೇ ಬೆಳೆದು ಒಂದು ಪುಟ್ಟ ಚೀಲ ಆಗ್ತವೆ. ಚೀಲದ ಒಳಗೂ ತಮ್ಮ ಹಳೇ ಕೆಲಸಾನೇ ಮುಂದುವರಿಸ್ತವೆ, ನೇಕರ್ ಸುರಿಸೋದು. ಅದೇ ಮುತ್ತು. ಸ್ವಾತಿ ಮಳೆ ಹನಿ ಬಾಯಿಗೆ ಬಿದ್ದು ಮುತ್ತಾಗತ್ತೆ ಅಂತ ನಮ್ಮ ಕವಿಗಳು ಹೇಳಿದ್ರು, ಮರಳಿನ ಕಣ ಹೋಗಿ ಆಗತ್ತೆ ಅಂತ ಸ್ಕೂಲ್ ಪುಸ್ತಕದಲ್ಲಿ ಹೇಳಿದ್ರು, ಆದ್ರೆ ಕೆಸರಲ್ಲೇ ಬದುಕೋ ಪ್ರಾಣಿಗೆ ಮರಳು ಹೊರಗೆ ತಳ್ಳೋದು ದಿನನಿತ್ಯದ ಕೆಲಸ. ಮುತ್ತಿಗೆ ಕಣಕ್ಕಿಂತ ಮುಖ್ಯ ಆ ಚೀಲ.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಮುತ್ತಿನ ಆಕಾರ ಅಂದ್ರೆ ಚೀಲದ ಆಕಾರ. ಚೀಲ ದುಂಡಗಿದ್ದು, ಒಳಗಿನ ಮುತ್ತು ಎಲ್ಲ ದಿಕ್ಕಿಗೂ ಮೆಲ್ಲ ಮೆಲ್ಲಗೆ ಉರುಳ್ತಾ ಇದ್ರೆ ದುಂಡು. ಇಲ್ದಿದ್ರೆ ಸೊಟ್ಟ. ಹಾಗಾಗಿ ತಟ್ಟೆಯಲ್ಲಿರೋ ಒಂದೊಂದು ಸೊಟ್ಟ ಮುತ್ತನ್ನೂ ಹಿಡಿದು, ಇದರ ಚೀಲಕ್ಕೆ ಏನಾಗಿತ್ತು ಅಂತ ಕೇಳ್ಬಹುದು. ನಾವು ಮಾಡಿದ್ದು ಅದೇ.

ನೀರಿನ ಮೇಲಿನ ಆರೋಪ

ಮೊದಲು ನೀರಿನ ವಿಷಯ ತೀರಿಸ್ಬೇಕಿತ್ತು, ಭಾವನಿಗೋಸ್ಕರ. ಕಾಲೇಜಿಂದ ಪಿಎಚ್ ಪೇಪರ್ ತಗೊಂಡು ಹೋಗಿ ನೋಡಿದ್ರೆ 7 ಮತ್ತು 8ರ ನಡುವೆ, ಈ ಚಿಪ್ಪುಗಳಿಗೆ ಬೇಕಾಗಿದ್ದೂ ಅದೇ. ಆದ್ರೆ ಪೇಪರ್‌ಗಿಂತ ದೊಡ್ಡ ಸಾಕ್ಷಿ ಅದೇ ಹೊಂಡದಲ್ಲಿ ಇತ್ತು. ಡಿಸೈನ್ ಅಚ್ಚಿನ 131 ಚಿಪ್ಪು ಅದೇ ನೀರಲ್ಲಿ, ಅದೇ ಪೈಪಿನಲ್ಲಿ ಪಕ್ಕಪಕ್ಕ ನೇತಾಡ್ತಿದ್ವು, ಅವುಗಳ ಮೇಲೆ ನೇಕರ್ ಚೆನ್ನಾಗೇ ಕೂತಿತ್ತು, ಗಣಪತಿ ಸೊಂಡಿಲ ಮೇಲೂ ಹೊಳಪಿತ್ತು. ನೀರಲ್ಲಿ ಸುಣ್ಣ ಸಾಲ್ದೇ ಹೋಗಿದ್ರೆ ಅಲ್ಲೂ ಮಂಕಾಗ್ಬೇಕಿತ್ತಲ್ಲ.

ಇನ್ನೊಂದು ಅದೃಷ್ಟ. ಭಾವನಿಗೆ ಎಲ್ಲದನ್ನೂ ಗುರುತು ಹಾಕೋ ಅಭ್ಯಾಸ, ತೆಂಗಿನ ಮರಕ್ಕೂ ನಂಬರ್ ಬರೆದಿದಾರೆ. ಆ ಇಬ್ಬರು ಹುಡುಗರು ಆಪರೇಷನ್ ಮಾಡ್ತಿದ್ದಾಗ ಒಬ್ಬನ ಚಿಪ್ಪಿಗೆ ನೀಲಿ ದಾರ, ಇನ್ನೊಬ್ಬನದಕ್ಕೆ ಹಳದಿ ದಾರ ಕಟ್ಟಿದ್ರು, ಸುಮ್ನೆ ಲೆಕ್ಕಕ್ಕೆ ಅಂತ. ಇಬ್ಬರೂ 150-150. ಬಿಚ್ಚುವಾಗ್ಲೂ ನೋಟ್‌ಬುಕ್ಕಲ್ಲಿ ದಾರದ ಬಣ್ಣ ಬರೆದಿಟ್ಟಿದ್ರು. ನಾನು ಆ ನೋಟ್‌ಬುಕ್ ನೋಡಿ ಎದ್ದು ನಿಂತ್ಬಿಟ್ಟೆ, ಲ್ಯಾಬಲ್ಲಿ ನಾವು ಕಷ್ಟಪಟ್ಟು ಮಾಡೋ ಹೋಲಿಕೆ ಇಲ್ಲಿ ತಾನಾಗೇ ಆಗಿತ್ತು, ನೀರು ಒಂದೇ, ಮೇವು ಒಂದೇ, ಕಾಲ ಒಂದೇ, ಕೈ ಮಾತ್ರ ಬೇರೆ.

ನೀಲಿಯಲ್ಲಿ ಬದುಕಿದ್ದು 84, ಅದ್ರಲ್ಲಿ 15 ದುಂಡು, 22 ಖಾಲಿ. ಹಳದಿಯಲ್ಲಿ ಬದುಕಿದ್ದು 97, ಆದ್ರೆ ದುಂಡು 8 ಅಷ್ಟೇ, ಖಾಲಿ 42.

ಹಳದಿ ಹುಡುಗನ ಚಿಪ್ಪು ಜಾಸ್ತಿ ಬದುಕಿದಾವೆ, ಮುತ್ತು ಕಮ್ಮಿ ಬಂದಿದೆ. ಮೊದಲಿಗೆ ಇದು ತಲೆಗೆ ಹತ್ಲಿಲ್ಲ. ಆಮೇಲೆ ಭಾವನೇ ಹೇಳಿದ್ರು, "ಆ ಹುಡ್ಗ ಹೆದರ್ತಿದ್ದ ಕಣಮ್ಮ, ಕತ್ತರಿಸೋಕೆ ಕೈ ನಡುಗ್ತಿತ್ತು, ಮೇಲೆ ಮೇಲೆ ಕುಯ್ದು ಮಣಿ ತುರುಕ್ತಿದ್ದ". ಅಲ್ಲಿಗೆ ಸರಿಯಾಯ್ತು. ಗಾಯ ಆಳ ಇಲ್ದಿದ್ರೆ ಪ್ರಾಣಿ ಸುಲಭವಾಗಿ ಚೇತರಿಸ್ಕೊಳ್ಳತ್ತೆ, ಆದ್ರೆ ಮಣಿಗೆ ಭದ್ರವಾದ ಜಾಗ ಇರಲ್ಲ, ಕಾಲು ಚಾಚಿ ಎಳೆದಾಗೆಲ್ಲ ಆ ಮಾಂಸ ಅದುಮಿ ಮಣಿ ಹೊರಗೆ ಜಾರಿ ಹೋಗತ್ತೆ. ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ಒಂದೂವರೆ ದಿನದಲ್ಲಿ ಐನೂರು ಮುಗಿಸು ಅಂತ ಕಳಿಸಿದೋರು ಯಾರೋ, ಕಲಿತಾ ಇರೋ ಕೈಗೆ ಅದು ಆಗೋ ಕೆಲಸ ಅಲ್ಲ.

ಒಂದೊಂದೇ ಮುತ್ತು

94ನ್ನ ಆಕಾರ ನೋಡಿ ಗುಂಪು ಮಾಡಿದ್ವಿ, ಅಕ್ಕ ಇಡ್ಲಿ ತಟ್ಟೆ ಕೊಟ್ಲು, ಗುಳಿ ಗುಳಿಗೆ ಒಂದೊಂದು ಜಾತಿ.

ಅತಿ ದೊಡ್ಡ ಗುಂಪು 31, ಸಣ್ಣವು, ಅಕ್ಕಿಕಾಳು ನುಚ್ಚಿನಷ್ಟು, ಕೆಲವು ಚಪ್ಪಟೆ, ಕೆಲವು ಗೋಡಂಬಿ ತರ ಬಾಗಿದ್ವು. ಒಂದನ್ನ ಒಡೆದು ನೋಡಿದ್ರೆ ಒಳಗೆ ಮಣಿ ಇಲ್ಲ, ಮೊದಲಿಂದ ಕೊನೇ ತನಕ ಬರೀ ನೇಕರ್. 31ರಲ್ಲಿ 24 ಹಳದಿ ದಾರದ್ದು. ಮಣಿ ಹೊರಗೆ ಬಿದ್ದಿದೆ, ಅದರ ಜೊತೆ ಇಟ್ಟಿದ್ದ ಟಿಶ್ಯೂ ತುಂಡು ಮಾತ್ರ ಒಳಗೆ ಉಳಿದು ತನ್ನ ಪಾಡಿಗೆ ಚೀಲ ಕಟ್ಕೊಂಡಿದೆ. ಮಣಿಯ ಆಸರೆ ಇಲ್ದೇ ಇರೋದ್ರಿಂದ ಚೀಲ ಹೇಗೆ ಮಡಿಸ್ಕೊಂಡಿತ್ತೋ ಮುತ್ತೂ ಹಾಗೇ. ಜಪಾನಿನವರು ಇದಕ್ಕೆ ಕೇಶಿ ಅಂತಾರೆ, ಅವರ ಭಾಷೇಲಿ ಕೇಶಿ ಅಂದ್ರೆ ಗಸಗಸೆ. ಇದನ್ನ ಹೇಳಿದಾಗ ಅಕ್ಕನಿಗೆ ಬಹಳ ಖುಷಿಯಾಯ್ತು, ಆವತ್ತಿಂದ ಆ ಗುಳಿಗೆ ಗಸಗಸೆ ಮುತ್ತು ಅಂತಾನೇ ಹೆಸರು. ಇವು ಪೂರ್ತಿ ನೇಕರ್ ಆಗಿರೋದ್ರಿಂದ ಹೊಳಪಲ್ಲಿ ನಮ್ಮ 23 ದುಂಡು ಮುತ್ತಿಗಿಂತ ಒಂದು ಕೈ ಮೇಲೇ ಇದ್ವು, ಬಿಸಿಲಿಗೆ ಹಿಡಿದ್ರೆ ಗುಲಾಬಿ, ನಸು ಹಸಿರು. ವೇಸ್ಟ್ ಅಂದೋರು ಇವನ್ನ ಬೆಳಕಿಗೆ ಹಿಡಿದೂ ನೋಡಿರ್ಲಿಲ್ಲ.

ಬಾಲ ಇರೋವು 22. ಇಲ್ಲಿ ಮಣಿ ಇದೆ, ಟಿಶ್ಯೂನೂ ಅಂಟಿದೆ, ಆದ್ರೆ ಟಿಶ್ಯೂ ತುಂಡು ದೊಡ್ಡದಾಗಿತ್ತೋ ಮಡಿಚಿತ್ತೋ, ಚೀಲ ಮಣಿಯನ್ನ ಸುತ್ತಿ ಇನ್ನೂ ಒಂದಿಷ್ಟು ಮಿಕ್ಕಿ ಬಾಲ ಬಿಟ್ಟಿದೆ. ಈ ತುಂಡು ಸುಮಾರು 2 ಮಿಮೀ ಚೌಕ ಇರ್ಬೇಕು, ಇನ್ನೊಂದು ಚಿಪ್ಪಿನ ಮ್ಯಾಂಟಲ್ ಅಂಚಿಂದ ಉದ್ದಕ್ಕೆ ಪಟ್ಟಿ ಕುಯ್ದು ಆಮೇಲೆ ಚೌಕ ಚೌಕ ಮಾಡ್ಬೇಕು, ಅದರ ಹೊರಮೈ ಮಣಿಗೇ ತಾಗಿರ್ಬೇಕು. ಅಷ್ಟು ಸಣ್ಣ ಚೂರಲ್ಲಿ ಹೊರಮೈ ಯಾವುದು ಒಳಮೈ ಯಾವುದು ಅಂತ ಕಣ್ಣಿಗೆ ಗೊತ್ತಾಗ್ಬೇಕು ಅಂದ್ರೆ ನೂರಾರು ಸಲ ಮಾಡಿರ್ಬೇಕು. ಉಲ್ಟಾ ಇಟ್ರೆ ಕೆಲಸ ಕೆಡತ್ತೆ. ಖಾಲಿ ಬಂದ 64ರಲ್ಲಿ ಕೆಲವು ಹೀಗೂ ಆಗಿರ್ಬೇಕು, ಯಾಕಂದ್ರೆ ಮೂರ್ನಾಲ್ಕು ಚಿಪ್ಪಲ್ಲಿ ಮಣಿ ಹಾಕಿದ ಹಾಗೇ ಬೆತ್ತಲೆಯಾಗಿ ಕೂತಿತ್ತು, ಅದನ್ನ ನಾವು ಖಾಲಿ ಲೆಕ್ಕಕ್ಕೇ ಸೇರಿಸಿದ್ವಿ.

ಗಂಟು ಗಂಟು, ಕಪ್ಪು ಮಚ್ಚೆ ಇದ್ದವು 14. ಇದರಲ್ಲಿ ಒಂದನ್ನ ಕುಯ್ದು ನೋಡ್ಲೇಬೇಕು ಅನ್ಸಿ ತುಮಕೂರಿನ ಚಿಕ್ಕಪೇಟೇಲಿ ನಮಗೆ ಗೊತ್ತಿರೋ, ಒಡವೆ ಮಾಡೋ ಆಚಾರ್ರ ಹತ್ರ ಹೋದೆ. ಅವರು ಕೂದಲೆಳೆ ಗರಗಸದಲ್ಲಿ ನಡುವೆ ಎರಡು ಹೋಳು ಮಾಡಿಕೊಟ್ರು, ಗರಗಸ ಓಡುವಾಗ ಬಿಳೀ ಪುಡಿ ಉದುರಿ ಒಂದು ತರ ಸುಟ್ಟ ಉಗುರಿನ ವಾಸನೆ ಬಂತು, ಅದು ಕಾಂಕಿಯೋಲಿನ್. ಹೋಳನ್ನ ಒದ್ದೆ ಪಾಲಿಶ್ ಪೇಪರ್ ಮೇಲೆ ತಿಕ್ಕಿ ಸಾಫ್ ಮಾಡಿ ಕಾಲೇಜಿನ ಡಿಸೆಕ್ಷನ್ ಮೈಕ್ರೋಸ್ಕೋಪಿನ ಕೆಳಗಿಟ್ಟು ಪಕ್ಕದಿಂದ ಟಾರ್ಚ್ ಬಿಟ್ಟೆ. ನಡುವೆ 4 ಮಿಮೀ ಮಣಿ, ಹಾಲಿನ ಬಿಳುಪು, ಅದರಲ್ಲಿ ಸಮಾನಾಂತರ ಗೆರೆ, ಯಾಕಂದ್ರೆ ಅದೂ ಇನ್ಯಾವುದೋ ಚಿಪ್ಪಿನಿಂದ ಉರುಟು ಮಾಡಿದ್ದೇ. ಮಣಿ ಸುತ್ತ ಈರುಳ್ಳಿ ತರ ನೇಕರ್ ಪದರ, ಅರ್ಧ ಮಿಮೀಗಿಂತ ಸ್ವಲ್ಪ ಜಾಸ್ತಿ. ಆದ್ರೆ ಒಂದು ಕಡೆ ಮಣಿಗೂ ನೇಕರಿಗೂ ನಡುವೆ ಬೆಲ್ಲದ ಬಣ್ಣದ ಒಂದು ಗುಡ್ಡೆ, ಅದರ ಮೇಲೆ ಪದರಗಳು ಗುಡ್ಡ ಹತ್ತಿ ಇಳಿದ ಹಾಗೆ ಬಾಗಿ ಬಾಗಿ ಹೋಗಿದಾವೆ. ಮೊದಲ ಪದರದಲ್ಲಿ ಬಿದ್ದ ಗುಡ್ಡೆಯನ್ನ ಕೊನೇ ಪದರವೂ ಮರೆತಿಲ್ಲ. ನಾನು ಎಷ್ಟು ಹೊತ್ತು ಅದನ್ನೇ ನೋಡ್ತಿದ್ದೆ ಅಂದ್ರೆ ಅಟೆಂಡರ್ ಬಂದು "ಮೇಡಂ, ಬೀಗ ಹಾಕ್ಬೇಕು" ಅಂದಾಗ್ಲೇ ಎದ್ದಿದ್ದು.

ಆ ಬೆಲ್ಲದ ಬಣ್ಣದ್ದು ಗಾಯದ ಕಾಲದ್ದು. ಕುಯ್ದ ಜಾಗದಲ್ಲಿ ಸತ್ತ ಕೋಶ, ರಕ್ತಕಣ, ಕಸರು ಸೇರ್ಕೊಂಡಿರತ್ತೆ, ಚೀಲ ಅದನ್ನೂ ಸೇರಿಸಿ ಸುತ್ತಿಕೊಳ್ಳತ್ತೆ, ಚೇತರಿಸ್ಕೊಳ್ಳೋ ತನಕ ನೇಕರ್ ಬದಲು ಪ್ರೋಟೀನೇ ಜಾಸ್ತಿ ಸುರಿಸತ್ತೆ. ಏಪ್ರಿಲ್ ಬಿಸಿಲಲ್ಲಿ ಆಪರೇಷನ್ ಮಾಡಿದ್ದು, ಆಮೇಲೆ ಸುಮಾರು ಹತ್ತು ದಿನ ಆಂಟಿಬಯೋಟಿಕ್ ಹಾಕಿದ ನೀರಲ್ಲಿ ಇಟ್ಟು ನೋಡ್ಕೋಬೇಕಾಗಿದ್ದನ್ನ ಎರಡೇ ದಿನಕ್ಕೆ ಮುಗಿಸಿ ಹೊಂಡಕ್ಕೆ ಬಿಟ್ಟಿದ್ದು, ಎರಡರ ಲೆಕ್ಕವೂ ಆ ಹೋಳಲ್ಲಿ ಇತ್ತು ಅಂತ ನನ್ನ ಅಭಿಪ್ರಾಯ.

ಬಳೆ ಬಳೆ ಗೆರೆ ಇದ್ದವು 11, ನೋಡೋಕೆ ಬಹಳ ಚೆಂದ. ಚೀಲದೊಳಗೆ ಮುತ್ತು ತಿರುಗ್ತಾ ಇರತ್ತೆ ಅಂದ್ನಲ್ಲ, ಅದು ಎಲ್ಲ ಕಡೆಗೂ ತಿರುಗದೇ ಒಂದೇ ಅಕ್ಷದ ಮೇಲೆ ಸುತ್ತಿದ್ರೆ, ಮೈಮೇಲಿನ ಒಂದು ಸಣ್ಣ ಕುಳಿ ಸುತ್ತೂ ಎಳೆದುಕೊಂಡು ಗೆರೆಯಾಗತ್ತೆ. ಕುಂಬಾರ ತಿಗರಿ ಮೇಲಿನ ಮಡಕೆಗೆ ಬೆರಳು ತಾಗಿಸಿ ಹಿಡಿದ್ರೆ ಸುತ್ತ ಗೆರೆ ಬೀಳತ್ತಲ್ಲ, ಹಾಗೆ. ಒಂದು ಕಡೆ ಚಪ್ಪಟೆಯಾದ 9 ಇದಕ್ಕೆ ಉಲ್ಟಾ, ಅವು ತಿರುಗೇ ಇಲ್ಲ, ಸ್ನಾಯುವಿಗೋ ಚಿಪ್ಪಿಗೋ ಒತ್ತಿಕೊಂಡು ಕೂತಲ್ಲೇ ಬೆಳೆದು ತಟ್ಟೆಗಿಟ್ಟ ಮುದ್ದೆ ತರ ತಳ ಚಪ್ಪಟೆ ಆಗಿದಾವೆ. ಉಳಿದ 7 ಚಿಪ್ಪಿಗೇ ಅಂಟ್ಕೊಂಡು ಬೊಬ್ಬೆ ತರ ಎದ್ದಿದ್ವು, ಮಣಿ ಜಾರಿ ಮ್ಯಾಂಟಲ್ಲಿಗೂ ಚಿಪ್ಪಿಗೂ ನಡುವೆ ಸಿಕ್ಕಾಕೊಂಡಾಗ ಆಗೋದು.

ಸೊಟ್ಟ ಅನ್ನೋದು ಹೊಸದಲ್ಲ

ಭಾವನಿಗೆ ನಾನು ಒಂದು ಮಾತು ಕೇಳಿದೆ, ಆಣಿಮುತ್ತು ಅಂತ ನಮ್ಮಲ್ಲಿ ಬೇರೆ ಪದ ಯಾಕಿದೆ ಭಾವ, ಅಂತ. ಎಲ್ಲ ಮುತ್ತೂ ದುಂಡಗೇ ಇರೋ ಹಾಗಿದ್ರೆ ದುಂಡು ಮುತ್ತಿಗೆ ಅಂತ ಬೇರೆ ಹೆಸರು ಬೇಕಿರ್ಲಿಲ್ಲ. ತಮಿಳುನಾಡಿಗೂ ಶ್ರೀಲಂಕಾಗೂ ನಡುವಿನ ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಮುತ್ತು ತೆಗೀತಿದ್ದ ಕಾಲದಲ್ಲಿ ಸಿಗ್ತಿದ್ದಿದ್ದು ಬಹುಪಾಲು ಸೊಟ್ಟವೇ, ದುಂಡು ಅಪರೂಪ, ಅದಕ್ಕೇ ಅದಕ್ಕೆ ಆ ಬೆಲೆ. ದುಂಡು ಮುತ್ತು ಸರ ಸರ ಸಿಗೋ ಹಾಗಾಗಿದ್ದು ಜಪಾನಲ್ಲಿ ಕೃಷಿ ಶುರುವಾದ ಮೇಲೆ. ಮಿಕಿಮೊಟೊ ಕೊಕಿಚಿ 1893ರಲ್ಲಿ ಬೆಳೆದಿದ್ದೂ ಅರ್ಧ ಮುತ್ತು, ಪೂರ್ತಿ ದುಂಡು ಬರಿಸೋ ಮಣಿ ಮತ್ತು ಟಿಶ್ಯೂ ವಿಧಾನ ನಿಶಿಕಾವಾ, ಮಿಸೆ ಅನ್ನೋರ ಕೆಲಸದಿಂದ 1907ರ ಹೊತ್ತಿಗೆ ಬಂತು. ನಮ್ಮ ದೇಶದಲ್ಲಿ ಸಮುದ್ರದ ಚಿಪ್ಪಲ್ಲಿ ಮುತ್ತು ಬೆಳೆದಿದ್ದು 1973ರಲ್ಲಿ ತೂತ್ತುಕುಡಿ ಹತ್ರ, ಅಳಗರ್‌ಸ್ವಾಮಿ ಅನ್ನೋ ವಿಜ್ಞಾನಿ. ಸಿಹಿನೀರಿನ ವಿಧಾನ ರೂಪಿಸಿದ್ದು ಭುವನೇಶ್ವರದ ಸಿಫಾ ಅನ್ನೋ ಸಿಹಿನೀರಿನ ಜಲಕೃಷಿ ಸಂಶೋಧನಾ ಸಂಸ್ಥೆ, ಭಾವನ ಹೊಂಡದಲ್ಲಿರೋ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಅನ್ನೋ ಕಪ್ಪೆಚಿಪ್ಪು ಅವರು ಕೆಲಸಕ್ಕೆ ಆರಿಸಿಕೊಂಡ ಜಾತಿಗಳಲ್ಲಿ ಒಂದು. ಚೀನಾದಲ್ಲಿ ಮಣಿ ಇಲ್ದೇ ಬರೀ ಟಿಶ್ಯೂ ಇಟ್ಟು ಸಿಹಿನೀರಿನ ಮುತ್ತು ಬೆಳೆದಾಗ 1970, 80ರ ದಶಕದಲ್ಲಿ ಬರ್ತಿದ್ದಿದ್ದು ಮಂಡಕ್ಕಿ ತರ ಸುಕ್ಕು ಸುಕ್ಕು ಮುತ್ತೇ.

ಸೊಟ್ಟ ಮುತ್ತಿಗೆ ಪೋರ್ಚುಗೀಸರು ಬರೋಕೋ ಅಂತಿದ್ರು. ಯೂರೋಪಿನ ಒಂದು ಇಡೀ ಕಾಲದ ಕಲೆಗೇ ಬರೋಕ್ ಅನ್ನೋ ಹೆಸರು ಬಂದಿದ್ದು ಆ ಪದದಿಂದ ಅಂತ ಹೇಳ್ತಾರೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿ ಕ್ಯಾನಿಂಗ್ ಜ್ಯುವೆಲ್ ಅಂತ ಒಂದು ಪದಕ ಇದೆ, ಅರ್ಧ ಮನುಷ್ಯ ಅರ್ಧ ಮೀನು, ಅವನ ಇಡೀ ಎದೆಭಾಗ ಒಂದೇ ಒಂದು ಸೊಟ್ಟ ಮುತ್ತು. ಅದರ ಫೋಟೋ ಮೊಬೈಲಲ್ಲಿ ತೋರಿಸಿದೆ. ಭಾವ ಝೂಮ್ ಮಾಡಿ ಮಾಡಿ ನೋಡಿ ಏನೂ ಮಾತಾಡ್ಲಿಲ್ಲ, ಇಡ್ಲಿ ತಟ್ಟೆಯಿಂದ ಒಂದು ಬಾಲದ ಮುತ್ತು ಎತ್ತಿ ಅಂಗೈಲಿಟ್ಟು ಅದರ ಪಕ್ಕ ಹಿಡಿದ್ರು.

ಆಮೇಲೆ ಏನು ಮಾಡಿದ್ವಿ

ದುಡ್ಡಿನ ವಿಷಯ ಮುಚ್ಚಿಡಲ್ಲ, ಹಾಕಿದ್ದರಲ್ಲಿ ಅರ್ಧದಷ್ಟೂ ವಾಪಸ್ ಬಂದಿಲ್ಲ. 23 ದುಂಡು ಮುತ್ತನ್ನ ಆ ಪಾರ್ಟಿಗೆ ಕೊಡ್ಲಿಲ್ಲ, ಆಚಾರ್ರ ಕಡೆಯಿಂದಲೇ ಮಾರಿದ್ವಿ. 94ರಲ್ಲಿ ಗಸಗಸೆ ಮುತ್ತು ಮತ್ತೆ ಗೆರೆ ಮುತ್ತನ್ನ ಆಚಾರ್ರು ಮೊದಲು ಬೇಡ ಅಂದ್ರು, "ಜೋಡಿ ಸಿಗಲ್ಲ ತಾಯಿ, ಓಲೆಗೆ ಎರಡೂ ಒಂದೇ ತರ ಬೇಕು ಅಂತಾರೆ". ಅವರು ಹೇಳಿದ್ದು ನಿಜ, ಸೊಟ್ಟ ಮುತ್ತಿನ ದೊಡ್ಡ ತೊಂದರೆ ಅದೇ, ಒಂದರಂತೆ ಇನ್ನೊಂದಿಲ್ಲ. ಆದ್ರೆ ಬಾಲದ ಮುತ್ತಿನ ಬಾಲದ ತುದೀಲಿ ತೂತು ಹಾಕಿ ಬೆಳ್ಳಿ ಕೊಕ್ಕೆಗೆ ಒಂಟಿ ಪದಕ ಮಾಡಿದಾಗ ಎರಡು ಬೇಗ ಹೋದ್ವು, ಕಾಲೇಜಿನ ನನ್ನ ಸಹೋದ್ಯೋಗಿಗಳೇ ತಗೊಂಡ್ರು. ಆಮೇಲೆ ಆಚಾರ್ರೇ ಫೋನ್ ಮಾಡಿ ಇನ್ನೂ ಆರು ತರಿಸಿಕೊಂಡ್ರು. ಕಪ್ಪು ಮಚ್ಚೆಯವು ಹಾಗೇ ಉಳಿದಿವೆ. ನಾನು ಕುಯ್ದ ಹೋಳು ನಮ್ಮ ಲ್ಯಾಬಿನ ಗಾಜಿನ ಡಬ್ಬೀಲಿದೆ, ಮಕ್ಕಳಿಗೆ ತೋರಿಸ್ತೀನಿ.

ಈ ಪ್ರಕರಣ ನೋಡಿ ಹೊಸಬರಿಗೆ ನಾನು ಹೇಳೋದು ಇಷ್ಟು. ಆಪರೇಷನ್ ಯಾರ ಕೈಲಿ, ದಿನಕ್ಕೆ ಎಷ್ಟು, ಆಮೇಲೆ ಎಷ್ಟು ದಿನ ತೊಟ್ಟೀಲಿ ಇಡ್ತೀರಿ, ಈ ಮೂರು ಕೇಳ್ದೇ ಯಾರಿಗೂ ದುಡ್ಡು ಕೊಡ್ಬೇಡಿ. ಹೊಂಡದ ಅಳತೆ, ಶೀಟಿನ ಬಣ್ಣ, ಮೋಟರ್ ಬಗ್ಗೆ ಗಂಟೆಗಟ್ಲೆ ಮಾತಾಡ್ತಾರೆ, 2 ಮಿಮೀ ಟಿಶ್ಯೂ ಬಗ್ಗೆ ಮಾತಾಡಲ್ಲ. ಮತ್ತೆ ದಾರ ಕಟ್ಟಿ, ಬರೆದಿಡಿ. ಆ ನೀಲಿ ಹಳದಿ ದಾರ ಇಲ್ದೇ ಹೋಗಿದ್ರೆ ಇವತ್ತಿಗೂ ಭಾವ ನೀರನ್ನೇ ಬೈಕೊಂಡು ಕೂತಿರೋರು. ಇನ್ನೊಂದು, ಚಿಪ್ಪು ಬಿಚ್ಚೋದು ಅಂದ್ರೆ ಒಂದು ಜೀವ ಹೋದ ಹಾಗೆ, ಅವು ಕೆರೆ ನೀರು ಸೋಸೋ ಪ್ರಾಣಿಗಳು. ಐನೂರು ಚಿಪ್ಪನ್ನ ಕೆರೆಯಿಂದ ಬಾಚಿಕೊಂಡು ಬಂದು ಅರೆಬರೆ ಕೈಲಿ ಕುಯ್ಯೋದು ನಂಗೆ ಸರಿ ಕಾಣಲ್ಲ, ಐವತ್ತು ಸರಿಯಾಗಿ ಮಾಡಿ.

ಭಾವ ಬಿಡ್ಲಿಲ್ಲ. ಮಳೆ ಕಡಿಮೆಯಾಗಿ ಬಿಸಿಲೂ ಇಳಿದ ಮೇಲೆ, ಅಕ್ಟೋಬರಲ್ಲಿ, 120 ಚಿಪ್ಪು ಮಾತ್ರ ತಗೊಂಡ್ರು. ಅದಕ್ಕೂ ಮೊದಲು ಎರಡು ತಿಂಗಳು ತಾನಾಗೇ ಸತ್ತ ಚಿಪ್ಪುಗಳ ಮೇಲೆ ದಿನಾ ಸಂಜೆ ಅಭ್ಯಾಸ, ಅಡಿಕೆ ಸುಲಿಯೋ ಕೈಗೆ ಅಷ್ಟು ಸಣ್ಣ ಕೆಲಸ ಒಗ್ಗಿದ್ದು ನೋಡಿ ನಂಗೇ ಆಶ್ಚರ್ಯ. ನಾನು ಕಾಲೇಜಿಂದ ಹಳೇ ಲೆನ್ಸ್ ಸ್ಟ್ಯಾಂಡ್ ತಂದುಕೊಟ್ಟೆ. ದಿನಕ್ಕೆ ಹತ್ತೇ ಚಿಪ್ಪು, ಹನ್ನೆರಡು ದಿನ. ಆಪರೇಷನ್‌ಗೆ ಮುಂಚೆ ಎರಡು ಮೂರು ದಿನ ಒಂದು ಚಿಪ್ಪಿಗೆ ಒಂದು ಲೀಟರ್ ನೀರಿನ ಲೆಕ್ಕದಲ್ಲಿ ಟಬ್ಬಲ್ಲಿ ಇಕ್ಕಟ್ಟಾಗಿ ಇಟ್ರು, ಹಾಗೆ ಇಟ್ರೆ ಚಿಪ್ಪು ಮುಚ್ಚೋ ಸ್ನಾಯು ಸಡಿಲ ಆಗತ್ತೆ, ಬಲವಂತವಾಗಿ ಬಾಯಿ ಬಿಡಿಸೋ ಹಾಗಿರಲ್ಲ. ಮಣಿ 3 ಮಿಮೀದು. ಆಮೇಲೆ ಪೂರ್ತಿ ಹತ್ತು ದಿನ ತೊಟ್ಟೀಲಿ, ದಿನಾ ನೋಡಿ, ಮಣಿ ಉಗುಳಿದ್ದನ್ನ ಅವತ್ತೇ ನೋಟ್‌ಬುಕ್ಕಿಗೆ.

ಈಗ ಎಂಟು ತಿಂಗಳಾಯ್ತು, 98 ಬದುಕಿವೆ. ಹೋದ ವಾರ ಒಂದು ಸತ್ತಿತ್ತು, ಬಾಯಿ ಬಿಟ್ಕೊಂಡು ಚೀಲದಲ್ಲಿ ತೇಲ್ತಿತ್ತು. ನಾನು ಬರೋ ತನಕ ಫ್ರಿಜ್ಜಲ್ಲಿ ಇಟ್ಟಿದ್ರು. ಅಡುಗೆ ಮನೆ ಕಟ್ಟೆ ಮೇಲೆ ಬಿಚ್ಚಿ, ಬ್ಲೇಡಲ್ಲಿ ಆ ಹಳದಿ ಮಾಂಸ ಸರಿಸಿದಾಗ ಮಣಿ ಜಾರಿ ಭಾವನ ಅಂಗೈಗೆ ಬಂತು. ತೆಳ್ಳಗೆ ನೇಕರ್ ಹತ್ತಿದೆ, ಸುತ್ತಾ ಹತ್ತಿದೆ, ಒಂದು ಕಡೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಮಾತ್ರ. ಭಾವ ಅದನ್ನ ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು, ಆಮೇಲೆ ಕೈ ಒರೆಸ್ಕೊಂಡು ನೋಟ್‌ಬುಕ್ ತೆಗೆದು ಬರೆದ್ರು, ಕೆಂಪು ದಾರ, ಏಳನೇ ದಿನದ್ದು, ಒಂದು ಚುಕ್ಕೆ.